ಬೀದರ: ನೋಡುವ ಕ್ರಮ, ಉಣ್ಣುವ ವೇಳೆ

ಬೀದರ ನೋಡಲು ಬರುವವರಲ್ಲಿ ಬಹಳ ಮಂದಿ ಕೋಟೆಯನ್ನಷ್ಟೇ ಸುತ್ತುತ್ತಾರೆ. ಹೆದ್ದಾರಿಯ ಯಾವುದೋ ಡಾಬಾದಲ್ಲಿ ಉಂಡು ಸಂಜೆಯೊಳಗೆ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಊರಿನ ಮಹಲುಗಳ ಬಣ್ಣವನ್ನೂ ಕಾಣುವುದಿಲ್ಲ, ಊರಿನ ರೊಟ್ಟಿಯ ರುಚಿಯನ್ನೂ ಅರಿಯುವುದಿಲ್ಲ. ಮನೆಗೆ ಬರುವ ನೆಂಟರಿಗೆ ಊರು ತೋರಿಸುತ್ತ ತೋರಿಸುತ್ತ ನಾನು ಕಂಡುಕೊಂಡದ್ದು ಇಷ್ಟು: ಬೀದರದಲ್ಲಿ ವೇಳೆ ತಪ್ಪಿದರೆ ಅರ್ಧ ಊರು ತಪ್ಪಿದಂತೆ. ಹತ್ತು ಗಂಟೆ ದಾಟಿದರೆ ಕೋಟೆಯ ಕಲ್ಲು ಕಾಯುತ್ತದೆ. ಹೊತ್ತು ಇಳಿದರೆ ಅಷ್ಟೂರಿನ ಗುಮ್ಮಟದೊಳಗಿನ ಚಿತ್ರಗಳು ಕತ್ತಲಲ್ಲಿ ಮುಳುಗುತ್ತವೆ. ಮೂರು ಗಂಟೆಗೆ ಖಾನಾವಳಿಗೆ ಹೋದರೆ ಬಿಸಿ ರೊಟ್ಟಿ ತೀರಿರುತ್ತದೆ. ಹಾಗಾಗಿ ಬೀದರ, ಭಾಲ್ಕಿ, ಔರಾದಗಳನ್ನು ಎರಡು ದಿನದಲ್ಲಿ ಹೊಟ್ಟೆ ಮತ್ತು ಕಣ್ಣು ಎರಡೂ ತುಂಬುವಂತೆ ನೋಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಕೆಂಪು ಕಲ್ಲು, ಕರಿ ಮಣ್ಣು

ಮೊದಲು ನೆಲವನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. ಬೀದರ ನಗರ ಕುಳಿತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಈ ಕೆಂಪು ಕಲ್ಲು ನೆಲದಿಂದ ಎಬ್ಬಿಸುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಕೋಟೆಯ ಗೋಡೆ ಅದರದು, ಕಂದಕವನ್ನು ಕೊರೆದದ್ದೂ ಅದರಲ್ಲೇ. ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲಿನ ಪದರ ಸಿಕ್ಕಾಗ ಮುಂದೆ ಇಳಿಯಲಾಗದೆ ಅಡ್ಡ ಹರಿದು ದಿಬ್ಬದ ಅಂಚಿನಲ್ಲಿ ಒಸರುತ್ತದೆ. ನರಸಿಂಹ ಝರಣಿಯ ಗುಹೆ, ಗುರುನಾನಕ ಝಿರಾದ ಬುಗ್ಗೆ, ನೌಬಾದಿನ ಕರೇಜ್ ಮೂರಕ್ಕೂ ನೀರು ಬಂದದ್ದು ಹೀಗೆ. ಕರೇಜ್ ಎಂದರೆ ನೆಲದಡಿಯ ನೀರಿನ ಸುರಂಗ. ಮೇಲಿನಿಂದ ಸಾಲಾಗಿ ಬಾವಿಯಂಥ ಕಂಡಿಗಳನ್ನು ತೋಡಿ, ಅವುಗಳ ತಳವನ್ನು ಸಣ್ಣ ಇಳಿಜಾರಿನಲ್ಲಿ ಒಂದಕ್ಕೊಂದು ಕೂಡಿಸಿದರೆ, ರಾಟೆ ಬೇಡ, ಎತ್ತು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಇರಾನಿನ ಈ ವಿದ್ಯೆ ಬಹಮನಿ ಸುಲ್ತಾನರ ಕಾಲದಲ್ಲಿ ಇಲ್ಲಿಗೆ ಬಂತು.

ದಿಬ್ಬ ಇಳಿದು ಭಾಲ್ಕಿಯ ಕಡೆಗೋ ಔರಾದದ ಕಡೆಗೋ ಹೊರಟರೆ ಕರಿ ಮಣ್ಣು ಶುರುವಾಗುತ್ತದೆ. ಜೋಳ, ತೊಗರಿ, ಉದ್ದು, ಹೆಸರು, ಕಡಲೆ ಬೆಳೆಯುವ ನೆಲ ಅದು. ಕೆಂಪು ಕಲ್ಲು ನಮಗೆ ಮಹಲು ಕೊಟ್ಟಿತು, ಕರಿ ಮಣ್ಣು ತಾಟು ತುಂಬಿಸಿತು.

ಬೆಳಿಗ್ಗೆ ಏಳಕ್ಕೆ ಕೋಟೆ

1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ರಾಜ್ಯದ ರಾಜಧಾನಿಯನ್ನು ಸುಲ್ತಾನ್ ಅಹಮದ್ ಷಾ 1420ರ ದಶಕದಲ್ಲಿ ಬೀದರಕ್ಕೆ ತಂದ. ಇಂದು ಕಾಣುವ ಕೋಟೆ ಮುಖ್ಯವಾಗಿ ಅವನು ಕಟ್ಟಿಸಲು ತೊಡಗಿ, ನಂತರದವರು ಬೆಳೆಸಿದ್ದು. ಒಳಗೆ ನೆರಳು ಕಡಿಮೆ, ನಡಿಗೆ ಹೆಚ್ಚು. ಮಾರ್ಚ್‌ನಿಂದ ಜೂನ್‌ವರೆಗೆ ಏಳು ಗಂಟೆಗೇ ಒಳಗಿರಿ. ಒಂದು ಬಾಟಲಿ ನೀರು, ತಲೆಗೊಂದು ಟವಲು, ಜಾರದ ಚಪ್ಪಲಿ ಬೇಕೇ ಬೇಕು.

ಒಳಹೋಗುವಾಗ ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಎರಡು ಸಿಂಹಗಳನ್ನು ನೋಡಿ. ಈ ಬಾಗಿಲು ಕಟ್ಟಿದ್ದು 1503ರಲ್ಲಿ. ಸ್ವಲ್ಪ ಮುಂದೆ ಹೋದರೆ ರಂಗೀನ್ ಮಹಲ್ ಇದೆ. ಇದಕ್ಕೆ ಸಾಮಾನ್ಯವಾಗಿ ಬೀಗ ಇರುತ್ತದೆ. ಬೀಗ ಕಂಡು ಹಿಂದಿರುಗಬೇಡಿ, ಹತ್ತಿರದ ಹಮಾಮಿನಲ್ಲಿರುವ ಸಂಗ್ರಹಾಲಯದ ಸಿಬ್ಬಂದಿಯನ್ನು ಕೇಳಿ ತೆರೆಸಿಕೊಳ್ಳಿ. ಬಹಮನಿಗಳ ನಂತರ ಬೀದರವನ್ನಾಳಿದ ಬರೀದ್ ಶಾಹಿ ಮನೆತನದ ಅರಸ ಅಲಿ ಬರೀದನ ಕಾಲದ, ಅಂದರೆ 1542ರಿಂದ 1580ರ ನಡುವಿನ ಕೆಲಸ ಇದು. ಕೆತ್ತಿದ ಮರದ ಕಂಬಗಳನ್ನು ದಾಟಿ ಒಳಕೋಣೆಗೆ ಹೋದರೆ ಕುಸುರಿ ಕೆಲಸದ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಬಳ್ಳಿಗಳು ಮಿನುಗುತ್ತವೆ. ಕಪ್ಪಿನ ಮೇಲೆ ಬಿಳಿ ಹೊಳೆಯುವ ಈ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮಧ್ಯಾಹ್ನದೊಳಗೆ ಇನ್ನೊಮ್ಮೆ ಸಿಗುತ್ತದೆ.

ಮುಂದೆ ಲಾಲ್ ಬಾಗ್, ಅದರ ಪಕ್ಕದಲ್ಲಿ ಹದಿನಾರು ಕಂಬದ ಸೋಲಾ ಖಂಬಾ ಮಸೀದಿ. ಇಲ್ಲಿನ ಶಾಸನ 1423–24ರದು. ಹಾಗಾಗಿ ಬೀದರದ ಬಹಮನಿ ಕಟ್ಟಡಗಳಲ್ಲಿ ಇದು ತೀರ ಹಳೆಯವುಗಳ ಸಾಲಿನದು. ಗಗನ್ ಮಹಲ್, ದಿವಾನ್-ಎ-ಆಮ್ ಕಂಡು ತಖ್ತ್ ಮಹಲಿನಲ್ಲಿ ಸ್ವಲ್ಪ ಹೊತ್ತು ಕೂಡಿ. ಎರಡೂವರೆ ಗಂಟೆ ಸಾಕು. ಹಸಿವು ತಾನಾಗಿ ಹೇಳುತ್ತದೆ.

ನಾಷ್ಟಾ, ಮದರಸಾ, ಚೌಬಾರಾ

ಕೋಟೆಯಿಂದ ಊರಿನ ಕಡೆಗೆ ನೇರ ದಾರಿ. ಮೊದಲು ಮಹಮೂದ್ ಗವಾನನ ಮದರಸಾ, ಆಮೇಲೆ ಚೌಬಾರಾ. ನಡುವೆ ನಾಷ್ಟಾಕ್ಕೆ ಎರಡು ಬಗೆ ಸಿಗುತ್ತವೆ. ಹಳೆ ಊರಿನ ಮುಸ್ಲಿಂ ಹೋಟೆಲುಗಳಲ್ಲಿ ನಿಹಾರಿ, ಪಾಯಾ ಬೆಳಗಿನ ಅಡುಗೆ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದದ್ದು, ಬೆಳಗ್ಗೆ ಬೇಗನೆ ತೀರುತ್ತದೆ. ಹಾಗಾಗಿ ಅದನ್ನು ತಿನ್ನಬೇಕೆನ್ನುವವರು ಕೋಟೆಗೆ ಹೋಗುವ ಮೊದಲೇ ತಿನ್ನಬೇಕು. ಉಳಿದವರಿಗೆ ಇಡ್ಲಿ-ವಡಾ, ಪೂರಿ, ಒಗ್ಗರಣೆ ಅವಲಕ್ಕಿ ಹತ್ತು ಗಂಟೆಗೂ ಸಿಗುತ್ತದೆ. ಜತೆಗೆ ಕುದಿಸಿ ಕುದಿಸಿ ಗಟ್ಟಿ ಮಾಡಿದ ಚಹಾ. 1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಊರು. ಆ ನಂಟು ಬಿರಿಯಾನಿಯಲ್ಲಿ, ಇರಾನಿ ಚಹಾದಲ್ಲಿ, ರಂಜಾನಿನ ಹಲೀಮಿನಲ್ಲಿ ಇವತ್ತಿಗೂ ಉಳಿದಿದೆ.

ಮದರಸಾ 1472ರದು. ಇರಾನಿನ ಗಿಲಾನಿನಿಂದ ಬಂದು ಬಹಮನಿ ಸುಲ್ತಾನರ ವಜೀರನಾದ ಮಹಮೂದ್ ಗವಾನ ಇದನ್ನು ಕಟ್ಟಿಸಿದ. ನಡುವೆ ಅಂಗಳ, ಸುತ್ತ ಮೂರು ಅಂತಸ್ತಿನ ಕೋಣೆಗಳು, ಮುಂದೆ ಎರಡು ಮಿನಾರು. ಸಮರಕಂದ, ಖುರಾಸಾನಿನ ವಿದ್ಯಾಲಯಗಳ ನಕ್ಷೆಯೇ ಇಲ್ಲಿಯದೂ. ಈಗ ಉಳಿದಿರುವುದು ಒಂದೇ ಮಿನಾರು. ಔರಂಗಜೇಬನ ಆಳ್ವಿಕೆಯಲ್ಲಿ, 17ನೇ ಶತಮಾನದ ಕೊನೆಗೆ, ಒಳಗಿಟ್ಟಿದ್ದ ಮದ್ದು ಸಿಡಿದು ಇನ್ನೊಂದು ಮಿನಾರೂ ಮುಂಭಾಗದ ಅರ್ಧವೂ ಹೋದವು. ಉಳಿದ ಗೋಡೆಯ ಮೇಲೆ ನೀಲಿ, ಹಸಿರು, ಬಿಳಿ ಬಿಲ್ಲೆಗಳು ಇನ್ನೂ ಅಂಟಿಕೊಂಡಿವೆ. ಈ ಮುಂಭಾಗ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರ ಬೀಳುವಾಗ ನೋಡಿದರೆ ಬಣ್ಣ ಎದ್ದು ಬರುತ್ತದೆ, ಮಧ್ಯಾಹ್ನಕ್ಕೆ ಮಂಕು. ಇಂಥ ವಿದ್ಯಾಲಯ ಕಟ್ಟಿಸಿದ ಗವಾನನನ್ನು ಸುಳ್ಳು ಪತ್ರವೊಂದರ ಆಧಾರದ ಮೇಲೆ ಸುಲ್ತಾನ್ ಮೂರನೇ ಮುಹಮ್ಮದ್ ಷಾ 1481ರಲ್ಲಿ ಕೊಲ್ಲಿಸಿದ. ಆ ಅಂಗಳದಲ್ಲಿ ನಿಂತಾಗಲೆಲ್ಲ ಇದು ನನಗೆ ನೆನಪಾಗುತ್ತದೆ.

ನಾಲ್ಕು ದಾರಿ ಕೂಡುವಲ್ಲಿ ನಿಂತ ಗುಂಡನೆಯ ಕಾವಲು ಗೋಪುರವೇ ಚೌಬಾರಾ, ಎತ್ತರ 71 ಅಡಿ. ಹಳೆ ಊರಿನಲ್ಲಿ ದಾರಿ ತಪ್ಪಿದರೆ ಯಾರನ್ನಾದರೂ «ಚೌಬಾರಾ ಎತ್ತಾಗ್ರಿ?» ಎಂದು ಕೇಳಿ, ಕನ್ನಡದಲ್ಲೋ ಉರ್ದುವಿನಲ್ಲೋ ಉತ್ತರ ಸಿಗುತ್ತದೆ.

ಕೋಟೆಯ ಮಣ್ಣು ಕಪ್ಪಾಗಿಸುವ ಬಿದ್ರಿ

ಚೌಬಾರಾದ ಆಸುಪಾಸಿನ ಬೀದಿಗಳಲ್ಲಿ ಬಿದ್ರಿ ಅಂಗಡಿಗಳಿವೆ. ಕೊಳ್ಳುವುದಕ್ಕಿಂತ ಮೊದಲು ಕೆಲಸ ನೋಡಲು ಕೇಳಿ. ಹೆಚ್ಚಿನ ಕಸಬುದಾರರು ಖುಷಿಯಿಂದ ತೋರಿಸುತ್ತಾರೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಎರಕ ಹೊಯ್ದು, ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಗೆರೆ ಎಳೆಯುತ್ತಾರೆ. ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಅದರೊಳಗೆ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಇಡೀ ಪಾತ್ರೆ ಬೂದು ಬಣ್ಣಕ್ಕೆ ತಿರುಗಿ, ಬೆಳ್ಳಿಯೂ ಲೋಹವೂ ಒಂದೇ ಥರ ಕಾಣುತ್ತವೆ.

ಕೊನೆಯ ಹಂತವನ್ನು ನೋಡಿಯೇ ಅಲ್ಲಿಂದ ಎದ್ದೇಳಿ. ಕೋಟೆಯ ಹಳೆ ಭಾಗದಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ನೋಡನೋಡುತ್ತ ಸತುವಿನ ಭಾಗ ಕಡು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿದು ಹೊಳೆಯತೊಡಗುತ್ತದೆ. ಬಿಸಿಲು ಮಳೆ ಕಾಣದ ಜಾಗದ ಹಳೆ ಮಣ್ಣಿನಲ್ಲಿರುವ ಲವಣಗಳೇ ಈ ಕೆಲಸ ಮಾಡುವುದು. ಮಣ್ಣು ಸರಿಯಾದದ್ದೇ ಎಂದು ತಿಳಿಯಲು ಕಸಬುದಾರರು ಅದನ್ನು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಆ ಮೇಲೆ ಎಣ್ಣೆ ಸವರಿ ಒರೆಸಿದರೆ ಮುಗಿಯಿತು. ರಂಗೀನ್ ಮಹಲಿನಲ್ಲಿ ಕಂಡ ಕಪ್ಪು ಬಿಳಿ ಇಲ್ಲಿ ನಿಮ್ಮ ಅಂಗೈ ಮೇಲೆ ಬಂದಿರುತ್ತದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿತು. ಬೀದರದ ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚೌಕಾಸಿ ಮಾಡುವಾಗ ಬಡಿದ ತಂತಿಯ ಲೆಕ್ಕ, ಕೂತ ದಿನಗಳ ಲೆಕ್ಕ ಮನಸ್ಸಿನಲ್ಲಿರಲಿ.

ಖಾನಾವಳಿ ನಡೆಯುವ ಬಗೆ

ಒಂದು ಗಂಟೆಗೆ ಸರಿಯಾಗಿ ಖಾನಾವಳಿಗೆ ನಡೆಯಿರಿ. ಗಾಂಧಿ ಗಂಜಿನ ಕಡೆ, ಬಸ್ ನಿಲ್ದಾಣದ ಸುತ್ತ, ಕಚೇರಿಗಳಿರುವ ರಸ್ತೆಗಳಲ್ಲಿ ಹುಡುಕಿದರೆ ಸಿಗುತ್ತವೆ. ಗಂಜಿಗೆ ಕಾಳು ತಂದ ರೈತರು, ಕೋರ್ಟಿಗೆ ಬಂದವರು, ಬಾಡಿಗೆ ಕೋಣೆಯಲ್ಲಿರುವ ಓದುವ ಹುಡುಗರು ಉಣ್ಣುವ ಜಾಗ ಇದು. ಹೊರಗಿನ ಅಂದ ನೋಡಿ ಆರಿಸಬೇಡಿ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದ್ದರೆ ಒಳಗೆ ಹೋಗಿ.

ಆ ಸಪ್ಪಳದ ಹಿಂದಿನ ಕೆಲಸ ಬಹಳ ಜಾಣತನದ್ದು. ಜೋಳದ ಹಿಟ್ಟಿಗೆ ಗೋದಿಯಂತೆ ಜಿಗುಟಿಲ್ಲ, ತಣ್ಣೀರಿನಲ್ಲಿ ಕಲಸಿದರೆ ಒಡೆಯುತ್ತದೆ. ಅದಕ್ಕೆ ಕುದಿಯುವ ಎಸರು ಹೊಯ್ದು, ಬಿಸಿ ಇರುವಾಗಲೇ ಅಂಗೈಯಿಂದ ನಾದಬೇಕು. ಉಂಡೆಯನ್ನು ಒಣ ಹಿಟ್ಟಿನ ಮೇಲಿಟ್ಟು ಬಡಿಯುವಾಗ ಒಂದು ಕೈ ತಟ್ಟುತ್ತದೆ, ಇನ್ನೊಂದು ಕೈ ಅಂಚನ್ನು ಕಾಯುತ್ತ ತಿರುಗಿಸುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರುತ್ತಿದ್ದಂತೆ ಮಗುಚಿ, ಕೊನೆಗೆ ಉರಿಗೆ ಒಡ್ಡಿದರೆ ಒಳಗಿನ ಹಬೆಗೆ ರೊಟ್ಟಿ ಬುರುಬುರು ಉಬ್ಬುತ್ತದೆ. ಹಿಟ್ಟು ಹಳೆಯದಾದರೆ ಉಬ್ಬುವುದಿಲ್ಲ. ಹಾಗಾಗಿ ಉಬ್ಬಿದ ರೊಟ್ಟಿ ಕಂಡರೆ ಹಿಟ್ಟು ಹೊಸದು ಎಂದು ತಿಳಿಯಿರಿ.

ಕೂಡುವ ಮೊದಲು ಎರಡು ಮಾತು ಕೇಳಿಕೊಳ್ಳಿ. «ರೊಟ್ಟಿ ಬಿಸೀ ಅವ ಏನ್ರಿ ಅಕ್ಕಾ, ಕಟಿ ಅವ?» ಎಂದು ಕೇಳಿದರೆ ಎರಡರಲ್ಲಿ ಯಾವುದಿದೆ ಎಂದು ತಿಳಿಯುತ್ತದೆ. ಕಟಿ ರೊಟ್ಟಿ ಎಂದರೆ ಒಣಗಿಸಿ ಗರಿಗರಿಯಾದದ್ದು. «ರೊಟ್ಟಿ ಎಣಿಸಿ ಕೊಡತೀರೋ, ಪೂರಾ ಊಟದ ಲೆಕ್ಕನೋ?» ಎಂದು ಕೇಳಿದರೆ ದುಡ್ಡಿನ ಲೆಕ್ಕ ತಿಳಿಯುತ್ತದೆ. ಕೆಲವು ಕಡೆ ರೊಟ್ಟಿಗೆ ಇಷ್ಟು ಎಂದು, ಕೆಲವು ಕಡೆ ತಾಟಿಗೆ ಇಷ್ಟು ಎಂದು.

ತಾಟಿನಲ್ಲಿ ಬರುವ ಕ್ರಮ ಹೆಚ್ಚು ಕಡಿಮೆ ಒಂದೇ: ಮೊದಲು ಉಳ್ಳಾಗಡ್ಡಿ, ಸೌತೆಕಾಯಿ, ಶೇಂಗಾ ಹಿಂಡಿ, ಮೇಲೆ ಒಂದಿಷ್ಟು ಎಣ್ಣೆ ಅಥವಾ ಮೊಸರು. ಆಮೇಲೆ ಎರಡು ಪಲ್ಯ. ಒಂದು ಕಾಳಿನದು, ಒಂದು ಬದನೆಕಾಯಿಯದೋ ಪುಂಡಿಯದೋ. ಕಡಲೆ ಹಿಟ್ಟಿನ ಝುಣಕ ಇದ್ದ ದಿನ ಅದನ್ನು ಬಿಡಬೇಡಿ. ರೊಟ್ಟಿಯನ್ನು ಪಲ್ಯದೊಂದಿಗೆ ತಿನ್ನುತ್ತ ಎರಡನೆಯದು ಮುಗಿಯುವಷ್ಟರಲ್ಲಿ ಅಕ್ಕ ಮೂರನೆಯದನ್ನು ಹಾಕಲು ಬಂದಿರುತ್ತಾಳೆ. ಬೇಡವಾದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯಿರಿ, ಬಾಯಿ ಮಾತು ನಡೆಯುವುದಿಲ್ಲ. ಅನ್ನ, ಬೇಳೆ, ಮಜ್ಜಿಗೆ ಕೊನೆಗೆ. ಅನ್ನ ಮೊದಲೇ ಕೇಳಿದರೆ ಹೊರಗಿನವರೆಂದು ತಿಳಿದು ನಗುತ್ತಾರೆ, ಆದರೂ ಬಡಿಸುತ್ತಾರೆ.

ಡಿಸೆಂಬರ್ ಕೊನೆ, ಜನವರಿಯಲ್ಲಿ ಬಂದರೆ ಎಳ್ಳ ಅಮಾವಾಸ್ಯೆ ಯಾವಾಗ ಎಂದು ಮೊದಲೇ ನೋಡಿಕೊಳ್ಳಿ. ಆ ದಿನ ಊರೆಲ್ಲ ಹೊಲದಲ್ಲಿರುತ್ತದೆ, ಊರಿನಲ್ಲಿ ಊಟ ಸಿಗುವುದು ಕಷ್ಟ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಅಂದಿನ ಅಡುಗೆ. ಪರಿಚಯದವರೊಬ್ಬರಿದ್ದರೂ ಸಾಕು, ಕರೆಯದೆ ಬಿಡುವುದಿಲ್ಲ. ಹೋಗಿ ಉಣ್ಣಿರಿ. ವರ್ಷದ ಅತ್ಯುತ್ತಮ ಊಟ ಅದು ಎಂದು ನಾನು ನಂಬಿದ್ದೇನೆ.

ಮೂರು ಗಂಟೆಗೆ ಅಷ್ಟೂರು, ಯಾಕೆಂದರೆ ಕನ್ನಡಿಗೆ ಬಿಸಿಲು ಬೇಕು

ಊರಿನಿಂದ ಪೂರ್ವಕ್ಕೆ ಆಟೋದಲ್ಲಿ ಹೊರಟರೆ ಮೊದಲು ಚೌಖಂಡಿ. ಸೂಫಿ ಸಂತ ಖಲೀಲುಲ್ಲಾ ಅವರ ಎಂಟು ಮೂಲೆಯ ಸಮಾಧಿ ಇದು. ಬಾಗಿಲ ಮೇಲಿನ ಕರಿಕಲ್ಲಿನ ಬರಹವನ್ನು ನೋಡಿ ಮುಂದೆ ಹೋದರೆ ಅಷ್ಟೂರಿನ ಬಹಮನಿ ಗುಮ್ಮಟಗಳ ಸಾಲು. ಸಿಡಿಲು ಬಡಿದು ಅರ್ಧ ಕಳಚಿದ ಗುಮ್ಮಟ ಬಹಮನಿ ಸುಲ್ತಾನ ಹುಮಾಯೂನನದು. ನೀವು ಬಂದಿರುವುದು ಅಹಮದ್ ಷಾನ ಸಮಾಧಿಗೆ. ಅವನು ತೀರಿಕೊಂಡದ್ದು 1436ರಲ್ಲಿ.

ಒಳಗೆ ಕಾಲಿಟ್ಟರೆ ಮೊದಲು ಕತ್ತಲು. ಅಲ್ಲಿ ನೋಡಿಕೊಳ್ಳುವವರು ಬಾಗಿಲ ಬಳಿ ನಿಂತು ಕನ್ನಡಿಯೊಂದನ್ನು ಬಿಸಿಲಿಗೆ ಹಿಡಿಯುತ್ತಾರೆ. ಬೆಳಕಿನ ತುಂಡೊಂದು ಗೋಡೆ ಹತ್ತಿ ಗುಮ್ಮಟದೊಳಗೆ ಸರಿಯುತ್ತದೆ. ಅದು ಹೋದಲ್ಲೆಲ್ಲ ಕೆಂಪು, ಬಂಗಾರ, ನೀಲಿಯ ಬಳ್ಳಿಗಳು, ಅಕ್ಷರಗಳು ಎದ್ದು ಬಂದು, ಬೆಳಕು ಸರಿದ ಕೂಡಲೇ ಮತ್ತೆ ಮುಚ್ಚಿಕೊಳ್ಳುತ್ತವೆ. ಆರುನೂರು ವರ್ಷದ ಹತ್ತಿರಕ್ಕೆ ಬಂದ ಬಣ್ಣ ಅದು. ಮೋಡ ಕವಿದ ದಿನ, ಸಂಜೆ ಐದರ ಮೇಲೆ ಕನ್ನಡಿ ಕೆಲಸ ಮಾಡುವುದಿಲ್ಲ. ಫ್ಲಾಶ್ ಹಾಕಬೇಡಿ, ಗೋಡೆ ಮುಟ್ಟಬೇಡಿ, ಕನ್ನಡಿ ಹಿಡಿದವರ ಕೈಗೆ ಒಂದಿಷ್ಟು ಕೊಡಲು ಮರೆಯಬೇಡಿ. ಈ ಸುಲ್ತಾನನನ್ನು ಮುಸ್ಲಿಮರು ವಲಿ ಎಂದು, ಹಲವು ಲಿಂಗಾಯತರು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುತ್ತಾರೆ. ವರ್ಷದ ಉರುಸಿಗೆ ಮಾಡ್ಯಾಳದ ಜಂಗಮರು ಬರುವ ವಾಡಿಕೆ ಇವತ್ತಿಗೂ ನಡೆದಿದೆ.

ಸಂಜೆ: ಝಿರಾ ಮತ್ತು ಲಂಗರ್

ಸಂಜೆಗೆ ಗುರುನಾನಕ ಝಿರಾ. 16ನೇ ಶತಮಾನದ ಆರಂಭದಲ್ಲಿ ಗುರುನಾನಕರು ದಕ್ಷಿಣದ ಯಾತ್ರೆಯಲ್ಲಿ ಇಲ್ಲಿಗೆ ಬಂದರೆಂದೂ, ಸಿಹಿ ನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಕಾಲಿನಿಂದ ಕಲ್ಲು ಸರಿಸಿ ಬುಗ್ಗೆ ಹರಿಸಿದರೆಂದೂ ನಂಬಿಕೆ. 1699ರಲ್ಲಿ ಗುರು ಗೋವಿಂದ ಸಿಂಹರ ಮುಂದೆ ತಲೆ ಒಪ್ಪಿಸಲು ಎದ್ದುನಿಂತ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹ ಬೀದರದವರು. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಿ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟದ ಮನೆಯಲ್ಲಿ, ಸಾಲಾಗಿ ನೆಲದ ಮೇಲೆ ಕೂಡಿ, ರೊಟ್ಟಿಯನ್ನು ಎರಡೂ ಕೈ ಒಡ್ಡಿ ಪಡೆಯಿರಿ. ತಟ್ಟೆಯಲ್ಲಿ ಏನನ್ನೂ ಉಳಿಸಬೇಡಿ. ಜಾತಿ ಊರು ಯಾರೂ ಕೇಳುವುದಿಲ್ಲ, ದುಡ್ಡೂ ಕೇಳುವುದಿಲ್ಲ. ಉಂಡ ಮೇಲೆ ಪಾತ್ರೆ ತೊಳೆಯುವಲ್ಲಿ ಅರ್ಧ ಗಂಟೆ ಕೈಗೂಡಿಸಬಹುದು.

ಎರಡನೇ ದಿನ: ಭಾಲ್ಕಿ, ಔರಾದ

ಬೆಳಿಗ್ಗೆ ಆರಕ್ಕೆ ಬರೀದ್ ಶಾಹಿ ಉದ್ಯಾನಕ್ಕೆ ಹೋಗಿ, ಊರಿನವರು ವಾಕಿಂಗ್ ಮಾಡುವ ಹೊತ್ತು ಅದು. ಅಲಿ ಬರೀದನ ಸಮಾಧಿ ನಾಲ್ಕೂ ಕಡೆ ತೆರೆದದ್ದು, ಅಲ್ಲಿ ಕನ್ನಡಿ ಬೇಕಿಲ್ಲ. ನರಸಿಂಹ ಝರಣಿಗೆ ಹೋಗುವುದಿದ್ದರೂ ಬೆಳಿಗ್ಗೆಯೇ ಸರಿ. ಸುಮಾರು 300 ಮೀಟರ್ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಉಸಿರಾಟದ ತೊಂದರೆ ಇರುವವರು ಹೊರಗೇ ಇರಲಿ. ನೀರಿನ ಮಟ್ಟ ನೋಡಿ ಕೆಲವೊಮ್ಮೆ ಒಳಗೆ ಬಿಡುವುದಿಲ್ಲ, ಹೊರಡುವ ಮೊದಲು ವಿಚಾರಿಸಿ.

ಭಾಲ್ಕಿ ಬೀದರದಿಂದ ಸುಮಾರು 40 ಕಿಲೋಮೀಟರ್. ಬಸ್ಸೂ ಇದೆ, ಉದಗೀರ-ಲಾತೂರ ಕಡೆಯ ರೈಲೂ ಇದೆ. ಅಲ್ಲಿಯ ಹಿರೇಮಠ ಸಂಸ್ಥಾನ ನೋಡದೆ ಬರಬೇಡಿ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಇಂಬಿಲ್ಲದಾಗ, ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಭಾಗದ ಮಕ್ಕಳ ಕೈಯಲ್ಲಿ ಕನ್ನಡ ಅಕ್ಷರ ಉಳಿದದ್ದು ಆ ಧೈರ್ಯದಿಂದ. ನಾನು ಈ ಲೇಖನವನ್ನು ಕನ್ನಡದಲ್ಲಿ ಬರೆಯುತ್ತಿರುವುದರ ಹಿಂದೆಯೂ ಆ ಋಣವಿದೆ. ಅವರು 1999ರಲ್ಲಿ ಲಿಂಗೈಕ್ಯರಾದರು. ಭಾಲ್ಕೇಶ್ವರ ಗುಡಿ, ಹಳೆ ಕೋಟೆ ನೋಡಿ ಊಟಕ್ಕೆ ಭಾಲ್ಕಿಯಲ್ಲೇ ಕೂಡಿ. ಮಠದಲ್ಲಿ ದಾಸೋಹದ ಪಂಕ್ತಿ ಇದ್ದರೆ ಲಂಗರಿನ ನಿಯಮವೇ ಇಲ್ಲಿಯದೂ: ಸಾಲಾಗಿ ಕೂಡುವುದು, ಬಡಿಸಿದ್ದನ್ನು ಉಳಿಸದಿರುವುದು.

ಔರಾದಕ್ಕೆ ಬೀದರದಿಂದ ಮಾಂಜ್ರಾ ನದಿ ದಾಟಿ ಸುಮಾರು ಅಷ್ಟೇ ದೂರ. ಮಹಾರಾಷ್ಟ್ರ, ತೆಲಂಗಾಣ ಎರಡೂ ಗಡಿ ಹತ್ತಿರ. ಒಂದೇ ಅಂಗಡಿಯಲ್ಲಿ ಕನ್ನಡ, ಮರಾಠಿ, ಉರ್ದು ಕೇಳುತ್ತದೆ. ಜೋಳದ ರೊಟ್ಟಿಯ ಪಕ್ಕದಲ್ಲೇ ವಡಾಪಾವ್, ಪೋಹೆ ಇರುತ್ತದೆ. ಊರಿನ ದೇವರು ಅಮರೇಶ್ವರ. ಶಿವರಾತ್ರಿಯ ಸುತ್ತ ನಡೆಯುವ ಜಾತ್ರೆಗೆ ಬಂದರೆ ದೇವಣಿ ದನಗಳನ್ನು ನೋಡಬಹುದು. ಬಿಳಿ ಮೈಮೇಲೆ ಕಪ್ಪು ಮಚ್ಚೆಯ ಈ ತಳಿ ಹಾಲಿಗೂ ಹೊಲದ ಕೆಲಸಕ್ಕೂ ಆಗುತ್ತದೆ. ಸಣ್ಣ ಊರಾದ್ದರಿಂದ ಖಾನಾವಳಿಗಳಲ್ಲಿ ಅಡುಗೆ ಲೆಕ್ಕದಷ್ಟೇ ಇರುತ್ತದೆ. ಐದಾರು ಜನರಿದ್ದರೆ ಬೆಳಿಗ್ಗೆಯೇ ಹೇಳಿಡಿ.

ಹೊರಡುವಾಗ

ಚಿಲ್ಲರೆ ದುಡ್ಡು ಇಟ್ಟುಕೊಳ್ಳಿ. ಆಟೋ ಹತ್ತುವ ಮೊದಲು ಬಾಡಿಗೆ ಗೊತ್ತು ಮಾಡಿಕೊಳ್ಳಿ. ಅಷ್ಟೂರಿಗೆ ಹೋಗುವಾಗ ಹಿಂದಿರುಗುವ ಮಾತನ್ನೂ ಸೇರಿಸಿ, ಅಲ್ಲಿ ಖಾಲಿ ಆಟೋ ಸಿಗುವುದು ಕಷ್ಟ. ಸಮಾಧಿ, ಮಸೀದಿ, ಗುಡಿಗಳಲ್ಲಿ ಪೂಜೆ ನಮಾಜಿನ ವೇಳೆ ಇದ್ದರೆ ಹೊರಗೆ ಕಾಯಿರಿ. ಅಕ್ಟೋಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯ ಕಾಲ.

ಕೊನೆಯ ಊಟ ಮುಗಿಸಿ ದುಡ್ಡು ಕೊಡುವಾಗ ಒಂದು ಕಟ್ಟು ಕಟಿ ರೊಟ್ಟಿ, ಕಾಲು ಕಿಲೋ ಶೇಂಗಾ ಹಿಂಡಿ ಕಟ್ಟಿಸಿಕೊಳ್ಳಿ. ಒಣಗಿದ್ದಾದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಪೇಪರಿನಲ್ಲಿ ಸುತ್ತಿ ಮೇಲೆ ದಾರ ಕಟ್ಟುತ್ತ ಖಾನಾವಳಿಯ ಅಕ್ಕ ನಮ್ಮ ನೆಂಟರಿಗೆಲ್ಲ ಹೇಳುವ ಮಾತೊಂದಿದೆ: «ಚೀಲದಾಗ ಅಡ್ಡ ಮಲಗಿಸಬ್ಯಾಡ್ರಿ, ಮ್ಯಾಲ ಏನೂ ಹೇರಬ್ಯಾಡ್ರಿ, ಮುರೀತಾವ.»